ಸ್ಲೀವ್ ಅಥವಾ ಬೈಪಾಸ್: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಆಯ್ಕೆ

ಈ ಎರಡರಲ್ಲಿ ಯಾವುದನ್ನು ಮಾಡಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವು ತೂಕಕ್ಕಿಂತ ಹೆಚ್ಚಾಗಿ ಜೊತೆಗಿರುವ ಕಾಯಿಲೆಗಳನ್ನು ಅವಲಂಬಿಸಿದೆ.

ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು 75ರಿಂದ 80 ಶೇಕಡಾ ಭಾಗವನ್ನು ಕತ್ತರಿಸಿ ತೆಗೆಯುವುದರಿಂದ ಅದನ್ನು ಮತ್ತೆ ಮೊದಲಿನಂತೆ ಮಾಡಲಾಗದು; ಬೈಪಾಸ್‌ನಲ್ಲಿ ಮೇಲ್ಭಾಗದ ಸಣ್ಣ ಚೀಲವೊಂದನ್ನು ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ.

ಎದೆಯುರಿ, ಹುಳಿತೇಗು ತೀವ್ರವಾಗಿರುವವರಿಗೆ ಸ್ಲೀವ್ ನಂತರ ಅದು ಉಲ್ಬಣಿಸಬಹುದಾದ್ದರಿಂದ ಬೈಪಾಸ್ ಮೇಲು. ದೀರ್ಘಕಾಲದ ಮಧುಮೇಹವಿದ್ದರೂ ಸಾಮಾನ್ಯವಾಗಿ ಒಲವು ಅತ್ತಲೇ. ಆದರೆ ಕೀಲುನೋವಿಗಾಗಿ ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ಬಿಡಲಾಗದವರಿಗೆ ಮತ್ತು ಧೂಮಪಾನಿಗಳಿಗೆ ಬೈಪಾಸ್‌ನ ಜೋಡಣೆಯಲ್ಲಿ ಹುಣ್ಣಾಗುವ ಅಪಾಯ ಹೆಚ್ಚು; ಸಿಹಿ ತಿಂದೊಡನೆ ಬೆವರು, ತಲೆಸುತ್ತು ಬರುವುದೂ ಇದರಲ್ಲೇ ಹೆಚ್ಚು. ಶಸ್ತ್ರಚಿಕಿತ್ಸೆಯ ದೃಷ್ಟಿಯಿಂದ ಸ್ಲೀವ್ ಸರಳ, ಸಾಮಾನ್ಯವಾಗಿ ಖರ್ಚೂ ಕಡಿಮೆ.

ವಿಟಮಿನ್ ಕೊರತೆ ಬೈಪಾಸ್‌ನಲ್ಲಿ ಹೆಚ್ಚಾದರೂ, ಜೀವನಪೂರ್ತಿ ಪೂರಕ ಮಾತ್ರೆ ಮತ್ತು ರಕ್ತಪರೀಕ್ಷೆ ಎರಡಕ್ಕೂ ಬೇಕು. ನಮ್ಮ ಸಸ್ಯಾಹಾರಿಗಳು ಬಿ12 ಮತ್ತು ಪ್ರೋಟೀನ್ ವಿಷಯದಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅನ್ನ-ಸಾರಿನ ಊಟದಲ್ಲಿ ಇವೆರಡೂ ಮೊದಲೇ ಕಡಿಮೆ.

ಸಿದ್ಧತೆಯಲ್ಲಿ ಎಂಡೋಸ್ಕೋಪಿಯನ್ನು ತಪ್ಪಿಸಬೇಡಿ, ಎದೆಯುರಿ ಇದ್ದರಂತೂ ಆಯ್ಕೆಯನ್ನೇ ಅದು ಬದಲಿಸಬಹುದು. ಯಕೃತ್ತು ಕುಗ್ಗಲೆಂದು ಸುಮಾರು ಎರಡು ವಾರ ಕಡಿಮೆ ಕ್ಯಾಲರಿಯ ಆಹಾರವನ್ನು ಸೂಚಿಸುತ್ತಾರೆ. ಮಧುಮೇಹದ ಔಷಧದ ಪ್ರಮಾಣವನ್ನು ಆಗ ವೈದ್ಯರೇ ಬದಲಿಸಬೇಕು. ಗರ್ಭಧಾರಣೆಯ ಯೋಚನೆಯಿರುವವರು ಯಾವುದೇ ವಿಧಾನವಾದರೂ ನಂತರ 12ರಿಂದ 18 ತಿಂಗಳು ಕಾಯಬೇಕಾಗುತ್ತದೆ.