ಮೊದಲ ಬಾಟಲಿಗೆ ಬಾಳೆ ಕಂದೋ, ನೀರುಬ್ರಾಹ್ಮಿಯೋ?

ಟಿಶ್ಯೂ ಕಲ್ಚರ್, ಅಂದರೆ ಗಿಡದ ಚೂರನ್ನು ಶುಚಿಯಾದ ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವುದನ್ನು ಕಲಿಯುವ ಆಸೆ ನನಗೆ ಹುಟ್ಟಿದ್ದೇ ಬಾಳೆಯಿಂದ. ತೋಟಕ್ಕೆ ಹೀಗೆ ಲ್ಯಾಬಿನಲ್ಲಿ ಬೆಳೆಸಿದ ಜಿ-9 ತಳಿಯ ಬಾಳೆ ಸಸಿ ತಂದಾಗಲೆಲ್ಲ, ಇದನ್ನು ಮನೆಯಲ್ಲೇ ಮಾಡಲಾಗದೇ ಅನ್ನಿಸುತ್ತಿತ್ತು. ಹಾಗಾಗಿ ಬಾಳೆ ಕಂದನ್ನೂ ನೀರುಬ್ರಾಹ್ಮಿಯನ್ನೂ ಒಟ್ಟಿಗೇ ಹಿಡಿದೆ, ಒಂದೊಂದಕ್ಕೂ 12 ಬಾಟಲಿ. (ನಾನು ಹೇಳುತ್ತಿರುವುದು ಒಂದೆಲಗವಲ್ಲ; ತೇವದ ನೆಲದಲ್ಲಿ ಹಬ್ಬುವ, ದಪ್ಪ ಪುಟ್ಟ ಎಲೆಯ ಬ್ರಾಹ್ಮಿ.)

ಎರಡಕ್ಕೂ ಬಳಸಿದ್ದು ಎಂಎಸ್ ಮಾಧ್ಯಮ, ಅಂದರೆ ಬಾಟಲಿಯ ಚೂರಿಗೆ ಬೇಕಾದ ಪೋಷಕಾಂಶಗಳ ಮಿಶ್ರಣ, 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ್ದು. ಲೀಟರಿಗೆ 30 ಗ್ರಾಂ ಸಕ್ಕರೆ, ಅದನ್ನು ಗಟ್ಟಿ ಮಾಡಲು 8 ಗ್ರಾಂ ಅಗರ್, ಪಿಎಚ್ 5.8. ಅಡುಗೆಮನೆಯ ಕುಕ್ಕರಿನಲ್ಲಿ ಒತ್ತಡ ಪೂರ್ತಿ ಏರಿದ ಮೇಲೆ 20 ನಿಮಿಷ. ಬ್ಲೇಡುಗಳನ್ನೂ ಫಾಯಿಲ್ಲಿನಲ್ಲಿ ಸುತ್ತಿ ಅದರಲ್ಲೇ ಬೇಯಿಸಿದೆ. ಕೆಲಸವೆಲ್ಲ ಕೈ ತೂರಿಸಲು ಎರಡು ತೂತು ಕೊರೆದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ. ಅದರೊಳಗೆ ದೀಪ ಹಚ್ಚಬಾರದು, ಶುಚಿಗೆಂದು ಒರೆಸಿದ ಸ್ಪಿರಿಟ್ಟಿನ ಆವಿ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಬಾಳೆ ಕಂದಿನ ಕೆಲಸ ದೊಡ್ಡದು. ಮಣ್ಣು ತೊಳೆದು, ಪದರ ಪದರವಾಗಿ ಸುಲಿದು, ಒಳಗಿನ ಬಿಳಿ ತುದಿಯನ್ನು ಒಂದು ಸೆಂಟಿಮೀಟರಿಗೆ ಇಳಿಸಬೇಕು. ಕತ್ತರಿಸಿದ ಕೆಲವೇ ನಿಮಿಷಕ್ಕೆ ಅಂಚು ಕಂದುತ್ತದೆ. ಆಸ್ಕಾರ್ಬಿಕ್ ಆಮ್ಲದ (ವಿಟಮಿನ್ ಸಿ) ನೀರಿನಲ್ಲಿ ಅದ್ದಿಟ್ಟರೂ ನನ್ನ ಅಗರ್ ಮೂರನೇ ದಿನಕ್ಕೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಹಾಗೆ ಒಸರುವ ಕಪ್ಪು ರಸ ಬಾಳೆಯ ತುದಿಗೇ ವಿಷ, ಹಾಗಾಗಿ ವಾರಕ್ಕೊಮ್ಮೆ ಹೊಸ ಬಾಟಲಿಗೆ ವರ್ಗಾಯಿಸಬೇಕು. ಪ್ರತಿ ವರ್ಗಾವಣೆಯೂ ಸೋಂಕಿಗೆ ಒಂದು ಬಾಗಿಲು. ಮೇಲಾಗಿ ಕಂದಿನ ಒಳಗೇ ಬ್ಯಾಕ್ಟೀರಿಯಾ ಇರುತ್ತವೆ. ಮೂರು ವಾರ ಶುಚಿಯಾಗಿ ಕಂಡ ಬಾಟಲಿಯಲ್ಲೂ ಬುಡದ ಸುತ್ತ ಹಾಲಿನಂಥ ಮಬ್ಬು ಮೂಡಿತು. 12ರಲ್ಲಿ ಒಂದೂ ಉಳಿಯಲಿಲ್ಲ. ಲ್ಯಾಬುಗಳಲ್ಲಿ ಸೋಂಕು ಕೊಲ್ಲಲು ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಾರೆ, ಆದರೆ ಅಂಥ ವಿಷವನ್ನು ಮನೆಯೊಳಗೆ ತರಬೇಡಿ.

ಹಾರ್ಮೋನಿನದು ಇನ್ನೊಂದು ತೊಡಕು. ಬಾಳೆಗೆ ಲೀಟರಿಗೆ ನಾಲ್ಕೈದು ಮಿಲಿಗ್ರಾಂ ಬಿಎಪಿ (ಮೊಳಕೆ ಒಡೆಸುವ ಹಾರ್ಮೋನು) ಬೇಕು, ಮನೆಯ ತಕ್ಕಡಿಗೆ ಅದು ಸಿಗದು. 100 ಮಿಲಿಗ್ರಾಂ ತೂಗಿಸಿ ತಂದು 100 ಮಿಲಿಲೀಟರಿನಲ್ಲಿ ಕರಗಿಸಿಟ್ಟು, ಸಿರಿಂಜಿನಲ್ಲಿ ಅಳೆದು ಹಾಕಿದೆ.

ಬ್ರಾಹ್ಮಿಗೆ ಆ ಗೊಡವೆಯೇ ಇಲ್ಲ. ಒಂದು ಗಿಣ್ಣು, ಎರಡು ಎಲೆಕಂಕುಳು, ಅಷ್ಟೇ. ಅರ್ಧ ಗಂಟೆ ಹರಿಯುವ ನೀರು, ನೀರು ಬೆರೆಸಿದ ಬ್ಲೀಚಿನಲ್ಲಿ ಎಂಟು ನಿಮಿಷ, ಕುದಿಸಿ ಆರಿಸಿದ ನೀರಿನಲ್ಲಿ ಮೂರು ಸಲ ಜಾಲಾಟ. ಹದಿನೈದು ನಿಮಿಷ ಬಿಟ್ಟ ಕಾಂಡಗಳು ಬೆಳ್ಳಗಾಗಿ ಸತ್ತವು. ಕೆಸರಿನ ಗಿಡವಾದ್ದರಿಂದ ಐದು ಬಾಟಲಿಗೆ ಬೂಸಲು ಬಂತು, ಉಳಿದ ಏಳರಲ್ಲಿ ಹತ್ತು ದಿನಕ್ಕೆ ಹಸಿರು ಮೊಗ್ಗು, ತಿಂಗಳೊಳಗೆ ಬೇರು. ತಪ್ಪು ನಾಲ್ಕೇ ದಿನದಲ್ಲಿ ಕಣ್ಣಿಗೆ ಬೀಳುವುದರಿಂದ ಮರುವಾರವೇ ತಿದ್ದಿಕೊಳ್ಳಬಹುದು. ನಾನು ಮೊದಲು ಬ್ರಾಹ್ಮಿಯನ್ನೇ ಹಿಡಿಯಿರಿ ಅನ್ನುವುದು ಇದಕ್ಕೇ.

ಬ್ರಾಹ್ಮಿಯಲ್ಲಿ ಮೂರು ಸುತ್ತು ಕೈ ಪಳಗಿಸಿಕೊಂಡು ಮತ್ತೆ ಬಾಳೆಗೆ ಬಂದೆ. ಈ ಸಲ 12ರಲ್ಲಿ ನಾಲ್ಕು ಉಳಿದಿವೆ. ಒಂದರ ಬುಡ ಊದಿಕೊಂಡು, ಅಕ್ಕಿಕಾಳಿನಷ್ಟು ದೊಡ್ಡ ಮೂರು ಮೊಳಕೆ ಎದ್ದಿವೆ.