ಹಳೇ ಕಂಪ್ಯೂಟರಿಗೆ ಬ್ರಾಡ್‌ಬ್ಯಾಂಡ್: ಕೇಬಲ್ಲಾ, ವೈಫೈ ಅಡಾಪ್ಟರಾ, ಫೋನಾ?

ಮೊದಲು ಖರ್ಚು ನೋಡೋಣ. ಆಂಡ್ರಾಯ್ಡ್ ಫೋನ್ ಇದ್ದರೆ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಕೊಡುವುದು) ಹೆಚ್ಚುಕಡಿಮೆ ಪುಕ್ಕಟೆ. ಆದರೆ ಕೆಲವು ಕೇಬಲ್ ಬರೀ ಚಾರ್ಜಿಂಗಿಗೆ, ಡೇಟಾ ಹೋಗುವುದಿಲ್ಲ. ರೂಟರಿನಿಂದ ಕಂಪ್ಯೂಟರಿಗೆ ಎಳೆಯುವ ಈಥರ್ನೆಟ್ ಕೇಬಲ್ ಅಗ್ಗ. ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ವೈಫೈ ಅಡಾಪ್ಟರಿಗೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ.

ವೇಗ? ಹಳೇ ಈಥರ್ನೆಟ್ ಪೋರ್ಟ್ 100 ಎಂಬಿಪಿಎಸ್‌ಗೆ ನಿಲ್ಲಬಹುದು. ವಿಡಿಯೊ ನೋಡಲು ಅಷ್ಟು ಧಾರಾಳ ಸಾಕು. ಆದರೆ ಯುಎಸ್‌ಬಿ 1.1 ಪೋರ್ಟಿನ ಮಿತಿ ಬರೀ 12 ಎಂಬಿಪಿಎಸ್. ಅಂಥ ಕಂಪ್ಯೂಟರಿಗೆ ಒಳ್ಳೇ ಅಡಾಪ್ಟರ್ ಹಾಕುವುದು ಸುಮ್ನೆ ದಂಡ.

ನಿಜವಾದ ತಲೆನೋವು ಡ್ರೈವರ್, ಅಂದರೆ ಸಾಧನವನ್ನು ಕಂಪ್ಯೂಟರ್ ಗುರುತಿಸಿ ನಡೆಸಲು ಬೇಕಾದ ತಂತ್ರಾಂಶ. ಈಥರ್ನೆಟ್ ಪೋರ್ಟಿಗೆ ಅದು ಹೆಚ್ಚಾಗಿ ಮೊದಲೇ ಇರುತ್ತದೆ. ಹೊಸ ಅಡಾಪ್ಟರುಗಳಲ್ಲಿ ಹಲವಕ್ಕೆ ವಿಂಡೋಸ್ ಎಕ್ಸ್‌ಪಿ ಡ್ರೈವರೇ ಇಲ್ಲ. ಯಾವ ವಿಂಡೋಸಿಗೆ ನಡೆಯುತ್ತದೆ ಎಂದು ಡಬ್ಬಿಯ ಹಿಂದೆ ಬರೆದಿರುವ ಪಟ್ಟಿ ಓದದೆ ಕೊಳ್ಳಬೇಡಿ. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು, ಪಜೀತಿ ಅಲ್ವಾ? ವಿಂಡೋಸ್ 7 ಅಥವಾ ಲಿನಕ್ಸ್ ಇದ್ದರೆ ಆಗ ಫೋನಿನ ಟೆದರಿಂಗ್ ಕೈಹಿಡಿಯುತ್ತದೆ. ಬಹಳಷ್ಟು ಫೋನುಗಳು ಮನೆಯ ವೈಫೈಯನ್ನೇ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ದಾಟಿಸುತ್ತವೆ, ಸಿಮ್ ಡೇಟಾ ಖರ್ಚಾಗುವುದಿಲ್ಲ.

ಬಾಳಿಕೆಯಲ್ಲಿ ಕೇಬಲ್ಲೇ ಮುಂದು. ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿಯಬಹುದು, ಅಷ್ಟೇ.

ರೂಟರ್ ಅದೇ ಕೋಣೆಯಲ್ಲಿದ್ದರೆ, ಅಥವಾ ಗೋಡೆಯಂಚಿಗೆ ತಂತಿ ಎಳೆಯಬಹುದಾದರೆ, ಕೇಬಲ್ ಹಾಕಿ. 100 ಮೀಟರ್‌ವರೆಗೂ ನಡೆಯುತ್ತದೆ. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ ಎಂದರೆ ಅಡಾಪ್ಟರ್. ಅದನ್ನು ಕಂಪ್ಯೂಟರಿನ ಕ್ಯಾಬಿನೆಟ್ ಹಿಂದೆ ಸಿಕ್ಕಿಸಿದರೆ ಲೋಹದ ಮರೆಗೆ ಸಿಗ್ನಲ್ ಕುಗ್ಗುತ್ತದೆ. ಚಿಕ್ಕ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲಿಡಿ. ವಾರಕ್ಕೊಮ್ಮೆ ಬಿಲ್ ಕಟ್ಟುವಷ್ಟೇ ಕೆಲಸವಿದ್ದರೆ ಫೋನೇ ಸಾಕು, ಏನೂ ಕೊಳ್ಳಬೇಡಿ.