ಇನ್ನೂರೈವತ್ತು ರೂಪಾಯಿಯ ಅಡಾಪ್ಟರು, ಹಳೇ ಪಿಎಸ್‌ಪಿ, ನಾಲ್ಕು ಮಳೆಗಾಲ

ಭಾವ ದುಬೈಯಲ್ಲಿದ್ದಾಗ ತಂದ, ಕೈಯಲ್ಲಿ ಹಿಡಿದು ಆಡುವ ಸೋನಿಯ ಗೇಮ್ ಯಂತ್ರ ಪಿಎಸ್‌ಪಿ 3000 ಬದಿಯಡ್ಕದ ನಮ್ಮ ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿತ್ತು. 2008ರಲ್ಲಿ ಬಂದ ಮಾಡೆಲ್. "ನಿನಗೆ ಬೇಕಾದರೆ ಇಟ್ಟುಕೋ, ಮಕ್ಕಳು ಈಗ ಮೊಬೈಲ್ ಬಿಟ್ಟು ಬೇರೆ ಮುಟ್ಟುವುದಿಲ್ಲ" ಅಂದರು. ಹೊಸ ಬ್ಯಾಟರಿ ಹಾಕಿ ಸ್ವಿಚ್ ತಳ್ಳಿದೆ. ಹಸಿರು ದೀಪ ಹೊತ್ತಿತು. ಆ ಮೇಲೆ ನನಗೆ ಈ ಹುಚ್ಚು ಬಿಟ್ಟೇ ಇಲ್ಲ.

ಮೊದಲ ತಲೆಬಿಸಿ ಮೆಮೊರಿಯದ್ದು. ಪಿಎಸ್‌ಪಿಗೆ ಬೇಕಾದದ್ದು ಸೋನಿಯದ್ದೇ ಆದ ಮೆಮೊರಿ ಸ್ಟಿಕ್ ಪ್ರೊ ಡ್ಯೂಒ. ಭಾವನ ಕಾರ್ಡು 2 ಜಿಬಿಯದು. ಆಟದ ಯುಎಂಡಿ ಡಿಸ್ಕ್ ಒಂದರಲ್ಲೇ 1.8 ಜಿಬಿವರೆಗೆ ಹಿಡಿಯುತ್ತದೆ, ಅಂದರೆ ದೊಡ್ಡ ಆಟ ಒಂದು ಹಾಕಿದರೆ ಕಾರ್ಡು ಭರ್ತಿ. ನನ್ನ ಹತ್ತಿರ ಇದ್ದ ಡಿಸ್ಕುಗಳನ್ನೆಲ್ಲ ಕಾಪಿ ಮಾಡಿ ಒಂದೇ ಕಡೆ ಇಡಬೇಕಿತ್ತು. ಡಿಸ್ಕ್ ತಿರುಗಿಸುವ ಮೋಟಾರಿಗೂ ಸ್ವಲ್ಪ ವಿಶ್ರಾಂತಿ ಸಿಗಬೇಕಲ್ವಾ?

ಹಾಗೆ ತರಿಸಿದ್ದೇ ಈ ಅಡಾಪ್ಟರು. ಪ್ರೊ ಡ್ಯೂಒ ಆಕಾರದ ಪ್ಲಾಸ್ಟಿಕ್ ತುಂಡು, ಅದರೊಳಗೆ ಒಂದು ಮೈಕ್ರೊ ಎಸ್‌ಡಿ ಕಾರ್ಡು ಕೂರುತ್ತದೆ. ಕಂಪೆನಿ ಹೆಸರಿಲ್ಲ, ಡಬ್ಬಿಯೂ ಇಲ್ಲ, ಬರೀ ಪ್ಲಾಸ್ಟಿಕ್ ತೊಟ್ಟೆ. ಎರಡು ಕಾರ್ಡು ಹಾಕುವ ನಮೂನೆಯೂ ಸಿಗುತ್ತದೆ. ಅದು ನನಗೆ ಬೇಡ ಅನ್ನಿಸಿತು. ಡೇಟಾ ಎರಡೂ ಕಾರ್ಡಿಗೆ ಹಂಚಿಹೋಗುವುದರಿಂದ ಒಂದು ಕೆಟ್ಟರೆ ಎರಡೂ ಹೋದ ಹಾಗೆ.

ಅಡಾಪ್ಟರು ಸರಿಯಾಗಿಯೇ ಇತ್ತು. ಕೈಕೊಟ್ಟದ್ದು ಕಾರ್ಡು. 399 ರೂಪಾಯಿಗೆ 512 ಜಿಬಿ ಅಂತ ಆನ್‌ಲೈನಿನಲ್ಲಿ ಕಂಡಿತು. ಅಷ್ಟು ಅಗ್ಗಕ್ಕೆ ಯಾರು ಕೊಡುತ್ತಾರೆ ಅಂತ ಆಗಲೇ ಯೋಚಿಸಬೇಕಿತ್ತು. ಆಸೆ, ಇನ್ನೇನು. ಎರಡು ವಾರ ಚೆನ್ನಾಗಿಯೇ ಓಡಿತು. ಆಮೇಲೆ ಹಾಕಿದ ಆಟಗಳ ಹೆಸರು ಮಾತ್ರ ಕಾಣುತ್ತಿತ್ತು, ಒತ್ತಿದರೆ ಕಪ್ಪು ಪರದೆ. ಒಂದು ದಿನ ಅಳಿಯ ಬಂದು "ಮಾವಾ, ನನ್ನ ಸೇವ್ ಎಲ್ಲಿ ಹೋಯ್ತು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಪುಟ್ಟ ಉಚಿತ ತಂತ್ರಾಂಶ ಇದೆ. ಅದು ಕಾರ್ಡಿನ ತುಂಬ ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ಹಾಕಿ ನೋಡಿದೆ. ನಿಜವಾದ ಜಾಗ 7 ಜಿಬಿ ಚಿಲ್ಲರೆ! ಒಳಗಿರುವ ಕಂಟ್ರೋಲರ್ ಚಿಪ್ಪಿಗೇ ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರ್ ಕೇಳಿದರೆ 512 ಅನ್ನುತ್ತದೆ. ಇರುವ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ಫೈಲುಗಳ ಪಟ್ಟಿ ಕಾರ್ಡಿನ ಆರಂಭದ ಭಾಗದಲ್ಲಿ ಉಳಿದಿರುವ ಕಾರಣ ಹೆಸರು ಮಾತ್ರ ಕಾಣುತ್ತದೆ. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ.

ಎರಡನೇ ಸಲ ಸ್ಯಾನ್‌ಡಿಸ್ಕ್ ಅಲ್ಟ್ರಾ 64 ಜಿಬಿ, ಮಂಗಳೂರಿಗೆ ಹೋದಾಗ ಅಂಗಡಿಯಿಂದಲೇ, ಬಿಲ್ಲು ಸಮೇತ. ಬಸ್ಸಿಂದ ಇಳಿದು ಮನೆಗೆ ಬಂದವನೇ ಪರೀಕ್ಷೆಗೆ ಹಾಕಿದೆ. ಅರ್ಧಕ್ಕೆ ಕರೆಂಟು ಹೋಯಿತು, ಮತ್ತೆ ಮೊದಲಿಂದ. ಕೊನೆಗೆ ಪೂರ್ತಿ ಪಾಸು. ಕಂಪ್ಯೂಟರಿನಲ್ಲಿ 59 ಜಿಬಿ ಚಿಲ್ಲರೆ ಅಂತ ತೋರಿಸುತ್ತದೆ. ಅದು ಲೆಕ್ಕ ಹಾಕುವ ಕ್ರಮದ ವ್ಯತ್ಯಾಸ, ಮೋಸ ಅಲ್ಲ.

64ರ ಕಾರ್ಡು ಅಂಗಡಿಯಿಂದ ಬರುವುದು ಎಕ್ಸ್‌ಫ್ಯಾಟ್ ಅನ್ನುವ ಫೈಲು ಜೋಡಣೆಯ ಕ್ರಮದಲ್ಲಿ. ಪಿಎಸ್‌ಪಿಗೆ ಅದು ಓದಲು ಬರುವುದಿಲ್ಲ, ಫ್ಯಾಟ್32 ಅನ್ನುವ ಹಳೇ ಕ್ರಮ ಬೇಕು. ನಾನು ಪಿಎಸ್‌ಪಿಯ ಸೆಟ್ಟಿಂಗಿನಲ್ಲೇ ಫಾರ್ಮ್ಯಾಟ್ ಮಾಡಿದೆ, ಬೇಕಾದ ಫೋಲ್ಡರುಗಳನ್ನು ಅದೇ ಮಾಡಿಕೊಂಡಿತು. ಐಎಸ್‌ಒ ಅನ್ನುವ ಫೋಲ್ಡರ್ ಮಾತ್ರ ಕೈಯಿಂದ ಮಾಡಬೇಕು. ಡಿಸ್ಕಿಂದ ಕಾಪಿ ಮಾಡಿದ ಆಟಗಳು ಅಲ್ಲಿಗೆ ಹೋಗುತ್ತವೆ.

ಕಾಪಿ ಮಾಡಿದ ಆಟ ಓಡಿಸಲು ನಾನು ಹಾಕಿದ, ಸೋನಿಯದ್ದಲ್ಲದ ತಂತ್ರಾಂಶ, ಅಂದರೆ ಕಸ್ಟಮ್ ಫರ್ಮ್‌ವೇರ್ ಕಾಯಂ ಕೂರುವಂಥದ್ದಲ್ಲ. ನಿದ್ದೆಗೆ ಹಾಕಿದರೆ ಉಳಿಯುತ್ತದೆ, ಪೂರ್ತಿ ಆಫ್ ಆದರೆ ಹೋಗುತ್ತದೆ. ಆಟಿಯಲ್ಲಿ ನಮ್ಮ ಕಡೆ ಕರೆಂಟಿನ ಕತೆ ಗೊತ್ತಲ್ಲ, ಎರಡು ದಿನ ಬಾರದಿದ್ದರೆ ಬ್ಯಾಟರಿ ಸೊನ್ನೆ. ಆಮೇಲೆ ಅದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನು ಮತ್ತೆ ಒತ್ತಬೇಕು. ಅರ್ಧ ನಿಮಿಷದ ಕೆಲಸ, ಆದರೆ ಅಳಿಯನಿಗೆ ಅದೇ ದೊಡ್ಡ ಗಲಾಟೆ.

ಅಡಾಪ್ಟರಿನ ದೂರು ಅಂದರೆ ಎರಡೇ. ಸ್ವಲ್ಪ ಸಡಿಲ, ಸ್ಲಾಟಿನ ಮುಚ್ಚಳ ತೆರೆದಿದ್ದರೆ ಅಲುಗುತ್ತದೆ. ಮತ್ತೆ ತೇವ. ಎರಡನೇ ಮಳೆಗಾಲದಲ್ಲಿ ಕಿತ್ತಳೆ ದೀಪ ಮಿಣಮಿಣ ಅಂದು ಎಲ್ಲ ನಿಂತಿತು. ತೆಗೆದು ನೋಡಿದರೆ ಚಿನ್ನದ ಬಣ್ಣದ ಕಾಲುಗಳು ಕಪ್ಪಾಗಿದ್ದವು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ಸರಿಯಾಯಿತು. ಈಗ ಜೂನ್ ಬಂತೆಂದರೆ ಇಡೀ ಪಿಎಸ್‌ಪಿ ಸಿಲಿಕಾ ಜೆಲ್ ಪುಡಿಕೆಗಳ ಜೊತೆ ಗಾಳಿಯಾಡದ ಡಬ್ಬಿಗೆ. ಹಪ್ಪಳ ಇಡುವ ಡಬ್ಬಿ ಅದು, ಅಮ್ಮನಿಗೆ ಇನ್ನೂ ಹೇಳಿಲ್ಲ.

ವೇಗ ಸಾಧಾರಣ. ಯುಎಸ್‌ಬಿ ವಯರಿನಲ್ಲಿ ಆಟ ಕಳಿಸುವುದು ತಾಳ್ಮೆಯ ಪರೀಕ್ಷೆ, ಕಾರ್ಡು ಹೊರತೆಗೆದು ರೀಡರಿಗೆ ಹಾಕುವುದೇ ಜಾಣತನ. ಆದರೆ ಆಡುವಾಗ ಡಿಸ್ಕಿಗಿಂತ ಬೇಗ ಲೋಡ್ ಆಗುತ್ತದೆ, ಆ ಕರಕರ ಸದ್ದೂ ಇಲ್ಲ. ಅಡಾಪ್ಟರಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಆ ಸಡಿಲಕ್ಕೆ.

ಆ 512ರ ಕಾರ್ಡು ಎಸೆಯಲಿಲ್ಲ. 7 ಜಿಬಿಯ ಒಂದೇ ಪಾರ್ಟಿಷನ್ ಮಾಡಿ ನಮ್ಮೂರ ಮೈಕ್‌ನವರಿಗೆ ಕೊಟ್ಟೆ. ಅವರ ಭಜನೆ ಹಾಡುಗಳೆಲ್ಲ ಸೇರಿ 3 ಜಿಬಿಯೂ ಇಲ್ಲ.